ಕುಡಿತಕ್ಕೂ ಒಂದು ಲೆಕ್ಕದ ಪುಸ್ತಕ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿ ಹಬ್ಬದಲ್ಲಿ ಒಬ್ಬೊಬ್ಬ ನಿರ್ದೇಶಕರು ಒಂದೊಂದು ವಿಷಯ ಮಾತಾಡಬೇಕು ಅಂತ ತೀರ್ಮಾನವಾಯಿತು. ಒಬ್ಬರಿಗೆ ಹಸಿರು ಮೇವು, ಒಬ್ಬರಿಗೆ ಕೆಚ್ಚಲು ಬಾವು, ಒಬ್ಬರಿಗೆ ಸಂಘದ ಇತಿಹಾಸ ಬಂತು. ನಮ್ಮ ಸರದಿ ಬಂದಾಗ ನಾವೇ ಕೇಳಿಕೊಂಡೆವು, "ಕುಡಿತದ ವಿಷಯ ನಮಗೆ ಕೊಡಿ" ಅಂತ. ಸಭೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. "ಹಬ್ಬದ ದಿವಸ ಅದ್ಯಾಕೆ ಬಿಡಪ್ಪ" ಅಂದರು ಹಿರಿಯರೊಬ್ಬರು. ನಾವು ಹೇಳಿದೆವು: "ಅಣ್ಣಾ, ನಮ್ಮೂರಲ್ಲಿ ಹಬ್ಬದ ದಿವಸವೇ ಅಲ್ಲವೇ ಜಾಸ್ತಿ ಕುಡಿಯೋದು? ಹಾಗಾದ ಮೇಲೆ ಹಬ್ಬದ ದಿವಸವೇ ಮಾತಾಡೋಣ."

ನಾವು ಡಾಕ್ಟರಲ್ಲ, ಉಪದೇಶ ಮಾಡುವ ಸ್ವಾಮಿಗಳೂ ಅಲ್ಲ. ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕಿಳಿದವರು. ಈ ವಿಷಯದಲ್ಲಿ ಮಾತಾಡಲು ನಮಗಿರುವ ಯೋಗ್ಯತೆ ಒಂದೇ. ನಾವು ಹತ್ತು ಹನ್ನೆರಡು ವರ್ಷ ಕುಡಿದವರು. ಅದನ್ನು ಮುಚ್ಚಿಟ್ಟು ಮಾತಾಡಿದರೆ ನೀರು ಬೆರೆಸಿದ ಹಾಲು ತಂದ ಹಾಗಾಗುತ್ತದೆ. ಡಿಗ್ರಿ ಬರೋದಿಲ್ಲ.

ಮೊದಲು ನಮ್ಮ ಜಿಲ್ಲೆಯ ಒಂದು ಸಂಗತಿ ನೆನಪು ಮಾಡಿಕೊಳ್ಳುತ್ತೇವೆ. 1939 ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಎಸ್. ನಿಜಲಿಂಗಪ್ಪನವರು ಅದರಲ್ಲಿ ಸೇರಿ ಜೈಲಿಗೆ ಹೋದರು. ಸೇಂದಿ ಬರುವುದು ಈಚಲು ಮರದಿಂದ, ಆದ್ದರಿಂದ ಮರಕ್ಕೇ ಕೊಡಲಿ ಹಾಕಿದರು ಆ ಕಾಲದ ಜನ. ದೊಡ್ಡ ಧೈರ್ಯ ಅದು. ಆಮೇಲೆ ಸಾರಾಯಿ ಬಂತು. ಪ್ಯಾಕೆಟ್ ಸಾರಾಯಿ ಕಾಲ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಬೇಲಿ ಬದಿಯಲ್ಲಿ, ಬಾವಿ ಕಟ್ಟೆ ಹತ್ತಿರ ಎಲ್ಲಿ ನೋಡಿದರೂ ಹಲ್ಲಲ್ಲಿ ಕಚ್ಚಿ ಎಸೆದ ಪ್ಲಾಸ್ಟಿಕ್. 2007 ರ ಜುಲೈ 1 ರಿಂದ ಕರ್ನಾಟಕ ಸರ್ಕಾರ ಸಾರಾಯಿ ನಿಲ್ಲಿಸಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ಕುಡಿಯುವವರು ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದರು, ಕ್ವಾರ್ಟರಿಗೆ ದುಡ್ಡು ಸಾಲದವರು ನೈಂಟಿ ಹಿಡಿದರು. 2016 ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೆದ್ದಾರಿ ಬದಿಯಲ್ಲಿ ಮದ್ಯದಂಗಡಿ ಇರಕೂಡದು ಅಂತ ತೀರ್ಪು ಕೊಟ್ಟಿತು. ಹೆದ್ದಾರಿ ಮೇಲಿನ ಊರಿನವರಾದ ನಮಗೆ ಅದರ ಬೆಲೆ ಗೊತ್ತು. ಅಲ್ಲಿ ವಾಹನ ಓಡಿಸುವವರ ಜೀವದ ಪ್ರಶ್ನೆ ಇತ್ತು. ಆದರೆ ಅಂಗಡಿ ಒಳಗೆ ಸರಿದರೆ ಕುಡಿಯುವವನೂ ಅದರ ಹಿಂದೆ ಒಳಗೆ ಸರಿದ.

ಪಕ್ಕದ ಆಂಧ್ರದಲ್ಲೂ ಹೀಗೇ. 1992 ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯಲ್ಲಿ ರಾತ್ರಿ ಅಕ್ಷರ ಕಲಿಯಲು ಸೇರುತ್ತಿದ್ದ ಹೆಂಗಸರು ರೋಸಮ್ಮ ಅನ್ನುವವರ ಜೊತೆ ಸೇರಿ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, 1993 ರಲ್ಲಿ ಸಾರಾಯಿ ನಿಷೇಧವಾಯಿತು. 1995 ರಲ್ಲಿ ಪೂರ್ತಿ ಪಾನನಿಷೇಧ ಬಂತು, 1997 ರಲ್ಲಿ ಸಡಿಲವಾಯಿತು. ಕಾನೂನು ಬೇಡ ಅಂತ ನಾವು ಹೇಳುತ್ತಿಲ್ಲ. ಬೇಕು. ಆದರೆ ಕಾನೂನು ಬರುವ ತನಕ, ಬಂದರೂ ಅದು ಸಡಿಲವಾದ ಮೇಲೆ, ಇವತ್ತಿನ ಸಂಜೆ ಆರು ಗಂಟೆಗೆ ಏನು ಮಾಡಬೇಕು? ಅದು ನಮ್ಮ ಪ್ರಶ್ನೆ.

ನಾವು ಕುಡಿತ ಕಲಿತದ್ದು ದುಃಖಕ್ಕಲ್ಲ, ಸಂತೋಷಕ್ಕೂ ಅಲ್ಲ. ಮೈಕೈ ನೋವಿಗೆ ಅಂತ. ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟು ಬಂದರೆ ಎದ್ದು ಮೋಟಾರು ಹಾಕಬೇಕು, ಚಳಿಯಲ್ಲಿ ನೀರು ಕಟ್ಟಬೇಕು. ಜೊತೆಗಾರರು ಅಂದರು, "ಸ್ವಲ್ಪ ಹಾಕ್ಕೋ, ಬೆಚ್ಚಗಿರುತ್ತೆ." ಆಮೇಲೆ ಒಂದು ಬೋರು ಒಣಗಿತು, ಇನ್ನೊಂದು ಕೊರೆಸಿದೆವು, ಅದೂ ಬರೀ ಧೂಳು ಎಬ್ಬಿಸಿತು. ಸಾಲ ಉಳಿಯಿತು. ಆಗ ಒಂದು ನೆಪ ಸಿಕ್ಕಿತು. ಈರುಳ್ಳಿಗೆ ರೇಟು ಬಿದ್ದರೆ ದುಃಖಕ್ಕೆ ಕುಡಿಯುವುದು, ರೇಟು ಎದ್ದರೆ ಖುಷಿಗೆ ಕುಡಿಯುವುದು. ರೇಟು ಇದ್ದ ಹಾಗೇ ಇದ್ದರೆ? ಸುಮ್ಮನೆ ಕುಡಿಯುವುದು. ಕುಡಿಯುವವನಿಗೆ ಕಾರಣದ ಬರ ಯಾವತ್ತೂ ಬರುವುದಿಲ್ಲ.

ನಾಚಿಕೆಯಾದರೂ ಒಂದು ಘಟನೆ ಹೇಳಲೇಬೇಕು. 2018 ರಲ್ಲಿ ಒಂದು ವಾರ ಕಾರ್ಯದರ್ಶಿಗಳು ಮನೆಯ ಮದುವೆಗೆ ರಜೆ ಹೋಗಿದ್ದರು. ಸಂಜೆ ಹಾಲು ಬರೆದುಕೊಳ್ಳುವ ಕೆಲಸ ನಾವು ವಹಿಸಿಕೊಂಡಿದ್ದೆವು. ಒಂದು ಸಂಜೆ ಹಾಕಿಕೊಂಡೇ ಬಂದು ಕೂತೆವು. ಯಾರಿಗೂ ಗೊತ್ತಾಗಲ್ಲ ಅಂತ ಬಾಯಲ್ಲಿ ಏಲಕ್ಕಿ. ಒಬ್ಬ ಅಜ್ಜಿಯ ಮೂರೂವರೆ ಲೀಟರನ್ನು ಎರಡೂವರೆ ಅಂತ ಬರೆದಿದ್ದೇವೆ, ಒಂದು ದಿನವಲ್ಲ, ಎರಡು ದಿನ. ಅಜ್ಜಿಗೆ ಓದು ಬರಹ ಬರದು. ಮೊಮ್ಮಗಳು ಪುಸ್ತಕ ನೋಡಿ ಹೇಳಿದ್ದಾಳೆ. ಮೂರನೇ ದಿನ ಅಜ್ಜಿ ಎಲ್ಲರೂ ಹೋಗುವ ತನಕ ಕಾದು ನಿಂತು, ಪುಸ್ತಕ ನಮ್ಮ ಮುಂದಿಟ್ಟು ಇಷ್ಟೇ ಅಂದರು: "ನಮ್ಮ ಎಮ್ಮೆ ಸುಳ್ಳು ಹೇಳಲ್ಲ ಕಣಪ್ಪ. ನೀನೂ ಹೇಳೋನಲ್ಲ. ಇನ್ಯಾರೋ ನಿನ್ನ ಕೈಲಿ ಬರೆಸ್ತಾವ್ರೆ."

ಬೈದಿದ್ದರೆ ನಾವೂ ಬೈಯುತ್ತಿದ್ದೆವು. ಅವರು ಬೈಯಲಿಲ್ಲ. ಅಜ್ಜಿಯ ಲೆಕ್ಕ ಸರಿ ಮಾಡಿ ಕೊಟ್ಟೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನವರ ಹಾಲಿನ ಲೆಕ್ಕ ಇಡುವ ಸಂಘದ ನಿರ್ದೇಶಕನಿಗೆ ತನ್ನ ಲೋಟದ ಲೆಕ್ಕ ಗೊತ್ತಿಲ್ಲ ಅನ್ನುವುದು ಆವತ್ತು ಅರ್ಥವಾಯಿತು.

ಮಾರನೇ ದಿನವೇ ಬಿಟ್ಟೆವು ಅಂದುಕೊಳ್ಳಬೇಡಿ. ಬಿಡಲಿಲ್ಲ. ನಮ್ಮ ಮನೆಯವರ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದೆವು. ಹನ್ನೊಂದು ದಿನ ಬಂತು ಆ ಆಣೆ. ಆಮೇಲೆ ದೇವರ ಮುಂದೆ ಕರ್ಪೂರ ಆರಿಸಿದೆವು. ಅದು ಒಂದು ತಿಂಗಳು ಬಂತು. ಪ್ರತಿ ಸಲ ಆಣೆ ಮುರಿದಾಗಲೂ ಮೊದಲಿಗಿಂತ ಜಾಸ್ತಿ ಕುಡಿದೆವು. ಹೇಗೂ ಪಾಪ ಬಂತಲ್ಲ, ಪೂರ್ತಿ ಬರಲಿ ಅನ್ನುವ ಹಾಗೆ.

ನಮ್ಮ ಗೆಳೆಯರೊಬ್ಬರು ನಮಗಿಂತ ಗಟ್ಟಿ ಮನುಷ್ಯ. ಅವರೂ ಆಣೆ ಮಾಡಿದರು, ಮಾಡಿದ್ದನ್ನು ನಡೆಸಿದರು. ಬೆಳಗ್ಗೆ ಎದ್ದ ಕೂಡಲೇ ಬೇಕು ಅನ್ನುವಷ್ಟು ಕುಡಿಯುತ್ತಿದ್ದವರು ಒಂದೇ ಏಟಿಗೆ ನಿಲ್ಲಿಸಿದರು. ಮಾರನೇ ದಿನ ಕೈ ನಡುಗಿತು, ಬೆವರು ಸುರಿಯಿತು. ಮೂರನೇ ರಾತ್ರಿ ಗೋಡೆ ಮೇಲೆ ಹಾವು ಹರೀತಾವೆ ಅಂತ ಕೂಗಿ ಎದ್ದು ಓಡಿದರು. ಹೆಂಡತಿ ಮಕ್ಕಳ ಗುರುತು ಹತ್ತಲಿಲ್ಲ. ಮನೆಯವರು ಗಾಳಿ ಮೆಟ್ಟಿಕೊಂಡಿದೆ ಅಂತ ನಿಂಬೆಹಣ್ಣು ತರಲು ಹೊರಟಿದ್ದರು. ಪುಣ್ಯಕ್ಕೆ ಊರಿನ ಆಶಾ ಕಾರ್ಯಕರ್ತೆ ಬಂದು ನೋಡಿ, "ಮೊದಲು ಆಸ್ಪತ್ರೆಗೆ ನಡೀರಿ" ಅಂದರು. 108 ಕ್ಕೆ ಫೋನು ಮಾಡಿ ಕರೆದುಕೊಂಡು ಹೋದೆವು.

ಅಲ್ಲಿ ಡಾಕ್ಟರು ತಿಳಿಸಿ ಹೇಳಿದ್ದನ್ನು ಇಲ್ಲಿರುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಮದ್ಯ ಅಭ್ಯಾಸವಾಗಿರುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ನರಗಳು ಕೆರಳುತ್ತವೆ. ಮೊದಲ ದಿನ ನಡುಕ, ಬೆವರು, ವಾಂತಿ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಇದು ಗಾಳಿಯಲ್ಲ, ದೆವ್ವವಲ್ಲ. ಇದಕ್ಕೆ ಔಷಧಿ ಇದೆ. ಕೆಲವು ದಿನ ಮಾತ್ರೆ ಕೊಟ್ಟು ಮೆಲ್ಲಗೆ ಕಡಿಮೆ ಮಾಡುತ್ತಾರೆ, ಬಿ-1 ವಿಟಮಿನ್ ಕೊಡುತ್ತಾರೆ. ಆದ್ದರಿಂದ ಬೆಳಗ್ಗೆ ಎದ್ದಾಗ ಕೈ ನಡುಗುವವರು, ನಡುಕ ನಿಲ್ಲಲು ಮತ್ತೆ ಕುಡಿಯಬೇಕಾದವರು, ಹಿಂದೆ ಫಿಟ್ಸ್ ಬಂದವರು ಡಾಕ್ಟರನ್ನು ಕೇಳದೆ ತಾವೇ ನಿಲ್ಲಿಸಬಾರದು. ಮನೆಯವರೂ ಬಲವಂತವಾಗಿ ನಿಲ್ಲಿಸಿ ಕೋಣೆಯಲ್ಲಿ ಕೂಡಿಹಾಕಬಾರದು.

ಇನ್ನೊಂದು ಮಾತು ತಾಯಂದಿರಿಗೆ. ಕುಡಿತ ಬಿಡಿಸುವ ಪುಡಿ, ಸಾರಿನಲ್ಲಿ ಬೆರೆಸಿ ಕೊಡಿ, ಗಂಡನಿಗೆ ಗೊತ್ತಾಗುವುದಿಲ್ಲ ಅಂತ ಮಾರುವವರಿದ್ದಾರೆ. ದಯವಿಟ್ಟು ತರಬೇಡಿ. ಕುಡಿದರೆ ಮೈಗೆ ಒಗ್ಗದ ಹಾಗೆ ಮಾಡುವ ಮಾತ್ರೆ ಡಾಕ್ಟರ ಹತ್ತಿರ ಇದೆ ನಿಜ. ಅದನ್ನು ತಗೊಳ್ಳುವವನಿಗೆ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಗೊತ್ತಿಲ್ಲದೆ ತಿಂದು ಮೇಲೆ ಕುಡಿದರೆ ಪ್ರಾಣ ಹೋಗಬಹುದು.

ಗೆಳೆಯರು ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಮನೆ ಜಗಲಿ ಮೇಲೆ ಕೂತು ಒಂದು ಮಾತು ಹೇಳಿದರು: "ಔಷಧಿ ಮೈಯನ್ನು ಸರಿ ಮಾಡ್ತು. ಸಂಜೆಯನ್ನು ಯಾರು ಸರಿ ಮಾಡ್ತಾರೆ?" ಆ ಮಾತೇ ನಮ್ಮ ಗುಂಪಿಗೆ ಬೀಜ.

ಕೆಲಸ ಮುಗಿದು, ಕತ್ತಲು ಬೀಳುವಾಗ, ಕಾಲು ತಾನಾಗಿಯೇ ಆ ದಿಕ್ಕಿಗೆ ತಿರುಗುತ್ತದೆ. ಆರರಿಂದ ಎಂಟರ ಒಳಗಿನ ಆ ಎರಡು ಗಂಟೆ ದಾಟಿಸಿಬಿಟ್ಟರೆ ರಾತ್ರಿ ತಾನೇ ದಾಟುತ್ತದೆ. ನಮ್ಮ ಸಂಘದಲ್ಲಿ ಹಾಲು ಅಳೆಯುವುದೂ ಅದೇ ಹೊತ್ತಿಗೆ. 2019 ರ ಸಂಕ್ರಾಂತಿ ಕಳೆದ ಮೇಲೆ ನಾವು ಏಳು ಜನ ಒಂದು ಒಪ್ಪಂದಕ್ಕೆ ಬಂದೆವು. ಏನಾದರೂ ಆಗಲಿ, ಸಂಜೆ ಹಾಲು ಹಾಕಿದ ಮೇಲೆ ಸಂಘದ ಹಿಂದಿನ ಕಟ್ಟೆ ಮೇಲೆ ಏಳು ಗಂಟೆಗೆ ಸೇರುವುದು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ಹಾಲಿನ ಪುಸ್ತಕದ ಹಾಗೇ ಗೆರೆ ಹಾಕಿದೆವು. ತಾರೀಖು, ಸದಸ್ಯರ ನಂಬರು, ಎಷ್ಟು, ಯಾಕೆ. ಹೆಸರು ಬರೆಯಲಿಲ್ಲ, ಒಂದರಿಂದ ಏಳರ ತನಕ ನಂಬರು ಅಷ್ಟೆ.

"ಎಷ್ಟು" ಅನ್ನುವುದಕ್ಕೆ ಅಳತೆ ಬೇಕಲ್ಲ. "ಸ್ವಲ್ಪ ಹಾಕಿದೆ" ಅಂದರೆ ಲೆಕ್ಕವಲ್ಲ. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು: 30 ಎಂ.ಎಲ್. ವಿಸ್ಕಿ, ರಮ್ಮು, ಬ್ರಾಂದಿ ಒಂದು ಅಳತೆ. ಅದರಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಆ ಲೆಕ್ಕದಲ್ಲಿ ನೈಂಟಿ ಮೂರು ಅಳತೆ, ಕ್ವಾರ್ಟರು ಆರು ಅಳತೆ. ಬೀರು ಏನೂ ಅಲ್ಲ, ಅದು ನೀರಿನ ಹಾಗೆ ಅನ್ನುತ್ತಿದ್ದರು ನಮ್ಮಲ್ಲೊಬ್ಬರು. ದೊಡ್ಡ ಸ್ಟ್ರಾಂಗ್ ಬೀರು ಬಾಟ್ಲಿ 650 ಎಂ.ಎಲ್., ನೂರಕ್ಕೆ ಎಂಟು ಭಾಗದ ಲೆಕ್ಕ ಹಾಕಿದರೆ ಅದೂ ನಾಲ್ಕು ಅಳತೆ. ಮೈ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಅಳತೆಯನ್ನು ಮಾತ್ರ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಎರಡು ಕ್ವಾರ್ಟರು ಮುಗಿಸಿದವನು ಬೆಳಗ್ಗೆ ಆರಕ್ಕೆ ಬೈಕು ಹತ್ತಿದರೆ ಇನ್ನೂ ಅವನ ಮೈಯಲ್ಲಿ ಮದ್ಯ ಇದ್ದೇ ಇರುತ್ತದೆ. ಮಜ್ಜಿಗೆ ಕುಡಿದರೂ ಇಳಿಯುವುದಿಲ್ಲ, ನಿಂಬೆಹಣ್ಣಿಗೂ ಇಳಿಯುವುದಿಲ್ಲ. ಹೊತ್ತು ಕಳೆಯಬೇಕು ಅಷ್ಟೆ.

ಗುಂಪಿಗೆ ನಾಲ್ಕು ನಿಯಮ ಮಾಡಿಕೊಂಡೆವು.

ಒಂದು, ಕುಡಿದರೂ ಬರಬೇಕು, ಕುಡಿಯದಿದ್ದರೂ ಬರಬೇಕು. ಕುಡಿದ ದಿನ ಮುಖ ಮರೆಸಿಕೊಳ್ಳುವಂತಿಲ್ಲ.

ಎರಡು, ನಿಜ ಹೇಳಬೇಕು. ಕುಡಿದದ್ದಕ್ಕೆ ದಂಡವಿಲ್ಲ, ಬೈಗುಳವಿಲ್ಲ. ಸುಳ್ಳು ಹೇಳಿದ್ದು ಗೊತ್ತಾದರೆ ಮಾತ್ರ ಮಾರನೇ ದಿನ ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು.

ಮೂರು, ಇವತ್ತಿನ ಲೆಕ್ಕ ಮಾತ್ರ. ಜೀವಮಾನವಿಡೀ ಬಿಡುತ್ತೇನೆ ಅಂತ ಯಾರೂ ಹೇಳಕೂಡದು. ನಾಳೆ ಸಂಜೆ ಏಳರ ತನಕ ಏನು ಮಾಡುತ್ತೀಯ, ಅಷ್ಟು ಹೇಳಿದರೆ ಸಾಕು.

ನಾಲ್ಕು, ಕಟ್ಟೆ ಮೇಲೆ ಆಡಿದ ಮಾತು ಕಟ್ಟೆ ಇಳಿಯಬಾರದು.

ಒಬ್ಬ ಬರಲಿಲ್ಲ ಅಂದರೆ ಇಬ್ಬರು ಅವನ ಮನೆಗೆ ಹೋಗುವುದು. ಜಗಳಕ್ಕಲ್ಲ. ಜೊತೆಗೆ ಕೂತು ಟೀ ಕುಡಿದು ಬರುವುದು.

ಇದು ನಮ್ಮ ತಲೆಯಿಂದ ಹುಟ್ಟಿದ ಹೊಸ ಉಪಾಯ ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಲೋಕದಲ್ಲಿ ಇದು ಹಳೇ ದಾರಿ. 1935 ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ ಷೇರು ವ್ಯಾಪಾರದ ಬಿಲ್ ಅನ್ನುವವರೂ, ಬಾಬ್ ಅನ್ನುವ ಶಸ್ತ್ರಚಿಕಿತ್ಸೆಯ ಡಾಕ್ಟರೂ ಸೇರಿದರು. ಇಬ್ಬರೂ ವಿಪರೀತ ಕುಡಿದು ಕೆಟ್ಟವರೇ. ಒಬ್ಬ ಕುಡುಕನ ಕಷ್ಟ ಇನ್ನೊಬ್ಬ ಕುಡುಕನಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ ಅನ್ನುವುದು ಅವರು ಕಂಡುಕೊಂಡ ಸತ್ಯ. ಅದರಿಂದ ಹುಟ್ಟಿದ್ದೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಕೂಟ. ಹೆಸರು ಹೊರಗೆ ಹಾಕುವುದಿಲ್ಲ, ಶುಲ್ಕವಿಲ್ಲ, ಒಂದೊಂದೇ ದಿನ ದಾಟುವುದು ಅವರ ದಾರಿ. ನಮ್ಮ ದೇಶಕ್ಕೂ ಅದು ಬಂದು ಬಹಳ ವರ್ಷವಾಯಿತು. ನಮ್ಮ ರಾಜ್ಯದ ಪಟ್ಟಣಗಳಲ್ಲೂ ಆ ಕೂಟಗಳು ಸೇರುತ್ತವೆ.

ಅಷ್ಟು ದೂರ ಯಾಕೆ, ನಮ್ಮ ಕರ್ನಾಟಕದಲ್ಲೇ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಮದ್ಯವರ್ಜನ ಶಿಬಿರ ನಡೆಸಿಕೊಂಡು ಬಂದಿದ್ದಾರೆ. 1982 ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಶುರು ಮಾಡಿದ ಯೋಜನೆ ಅದು. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಶಿಬಿರ. ಊರಿನವರೇ ಸಮಿತಿ ಮಾಡಿಕೊಂಡು ಊಟ ತಿಂಡಿ ನೋಡಿಕೊಳ್ಳುತ್ತಾರೆ. ಹೀಗೆ ಸಾವಿರಕ್ಕೂ ಮೀರಿ ಶಿಬಿರ ನಡೆದಿವೆ. ಆದರೆ ನಮಗೆ ದೊಡ್ಡದಾಗಿ ಕಂಡದ್ದು ಆ ಎಂಟು ದಿನವಲ್ಲ, ಒಂಬತ್ತನೇ ದಿನ. ಶಿಬಿರ ಮುಗಿಸಿದವರನ್ನು ಅವರು ನವಜೀವನ ಸಮಿತಿ ಅಂತ ಗುಂಪು ಮಾಡುತ್ತಾರೆ. ಅವರು ಆಗಾಗ ಸೇರುತ್ತಾರೆ, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಬಿತ್ತುವುದು ಒಂದು ದಿನದ ಕೆಲಸ, ಕಳೆ ಕೀಳುವುದು ದಿನದಿನದ ಕೆಲಸ ಅನ್ನುವುದು ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಸಹಕಾರ ಅಂದರೂ ಇದೇ ಅಲ್ಲವೇ? 1905 ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ತತ್ವ ಏನು? ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗುತ್ತದೆ, ಹತ್ತು ಜನರ ಮುಂದೆ ಒಪ್ಪಿದ ಮಾತನ್ನು ಮನುಷ್ಯ ಸುಲಭವಾಗಿ ಮುರಿಯುವುದಿಲ್ಲ. ಸಾಲಕ್ಕೆ ಸರಿಯಾದ ಈ ಮಾತು ಕುಡಿತಕ್ಕೂ ಸರಿ ಅಂತ ನಮ್ಮ ಅನುಭವ.

ನಮ್ಮ ಪುಸ್ತಕದ ಮೊದಲ ತಿಂಗಳು ನೋಡಿ ನಮಗೇ ಗಾಬರಿಯಾಯಿತು. ಏಳು ಜನರ ಲೆಕ್ಕ ಕೂಡಿದಾಗ, ಇಷ್ಟು ಕುಡಿದೆವೇ ಅನ್ನಿಸಿತು. ಬರೆಯುವುದಕ್ಕೇ ನಾಚಿಕೆಯಾಗಿ ಕೆಲವರು ಆರು ಇದ್ದದ್ದನ್ನು ಮೂರಕ್ಕೆ ಇಳಿಸಿದರು. ಬರೀಬೇಕಲ್ಲ ಅನ್ನುವ ಭಯ ಕೈ ಹಿಡಿಯಿತು. "ಯಾಕೆ" ಅನ್ನುವ ಕಾಲಂ ಇನ್ನೂ ಉಪಯೋಗಕ್ಕೆ ಬಂತು. ಎರಡನೇ ನಂಬರಿನವರಿಗೆ ಪ್ರತಿ ಸೋಮವಾರ, ಗುರುವಾರ ಜಾಸ್ತಿಯಾಗುತ್ತಿತ್ತು. ನೋಡಿದರೆ ಆ ದಿನ ಅವರು ಸರಕು ತಗೊಂಡು ಪೇಟೆಗೆ ಹೋಗುತ್ತಿದ್ದರು. ಅವತ್ತು ನಮ್ಮಲ್ಲೊಬ್ಬರು ಜೊತೆಗೆ ಹೋಗುವುದು ಅಂತ ಮಾಡಿದೆವು. ಐದನೇ ನಂಬರಿನವರು ಹಸಿವಾದಾಗ ಕುಡಿಯುತ್ತಿದ್ದರು. ಮನೆಯವರು ಆರು ಗಂಟೆಗೇ ಒಂದು ಮುದ್ದೆ ಸಾರು ಬಡಿಸಲು ಶುರು ಮಾಡಿದರು. ಹೊಟ್ಟೆ ತುಂಬಿದ ಮೇಲೆ ಅರ್ಧ ಆಸೆ ಹೋಯಿತು. ಇವೆಲ್ಲ ಸಣ್ಣ ಸಂಗತಿ. ಆದರೆ ಕುಡಿತ ನಿಂತಿರುವುದೇ ಇಂಥ ಸಣ್ಣ ಸಂಗತಿಗಳ ಮೇಲೆ.

ಕಡಿಮೆ ಮಾಡಿದರೆ ಸಾಕೋ, ಪೂರ್ತಿ ಬಿಡಬೇಕೋ ಅಂತ ನಮ್ಮಲ್ಲಿ ಚರ್ಚೆಯಾಯಿತು. ನಮ್ಮ ಅನುಭವ ಹೇಳುತ್ತೇವೆ. ಅಪರೂಪಕ್ಕೆ ಕುಡಿಯುವವನು ಕಡಿಮೆ ಮಾಡಿಕೊಂಡು ಹಾಗೇ ಇರಬಲ್ಲ. ನಮ್ಮ ಆರನೇ ನಂಬರಿನವರು ಹಾಗೇ ಇದ್ದಾರೆ. ಆದರೆ ಒಂದು ಹಾಕಿದರೆ ಮೂರು ಬೇಕು ಅನ್ನುವವನಿಗೆ, ನಮ್ಮಂಥವರಿಗೆ, ಕಡಿಮೆ ಮಾಡುವುದು ಅಂದರೆ ಬಾಗಿಲು ತೆರೆದಿಟ್ಟು ನಾಯಿ ಕಾಯುವ ಹಾಗೆ. ಲೆಕ್ಕದಲ್ಲಿ ಮೂರು, ಎರಡು, ಒಂದು ಅಂತ ಇಳಿದು, ಜಾತ್ರೆ ಬಂದ ಕೂಡಲೇ ಮತ್ತೆ ಆರಕ್ಕೆ ಹತ್ತುತ್ತಿತ್ತು. ಕೊನೆಗೆ ನಮಗೆ ಸೊನ್ನೆಯೇ ಸುಲಭ ಅನ್ನಿಸಿತು. ಮಿತವಾಗಿ ಕುಡಿದರೆ ಆರೋಗ್ಯಕ್ಕೆ ಒಳ್ಳೇದು ಅನ್ನುವ ಮಾತೂ ಈಗ ನಿಲ್ಲುವುದಿಲ್ಲ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023 ರ ಜನವರಿಯಲ್ಲಿ ಹೇಳಿದೆ.

2020 ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಅಂಗಡಿಗಳು ಮುಚ್ಚಿದವು, ಮೇ 4 ಕ್ಕೆ ಮತ್ತೆ ತೆರೆದವು. ಕಟ್ಟೆ ಮೇಲೆ ಸೇರುವಂತಿರಲಿಲ್ಲ. ಆಗ ಮಿಸ್ ಕಾಲ್ ಪದ್ಧತಿ ಮಾಡಿದೆವು. ಏಳು ಗಂಟೆಗೆ ಒಂದು ಮಿಸ್ ಕಾಲ್ ಕೊಟ್ಟರೆ ಸೊನ್ನೆ, ಎರಡು ಕೊಟ್ಟರೆ ಮಾತಾಡಬೇಕು ಅಂತ ಅರ್ಥ. ಅಂಗಡಿ ಇಲ್ಲದ ನಲವತ್ತು ದಿನ ದಾಟಿದ್ದು ಕಷ್ಟವಾಗಲಿಲ್ಲ. ಅಂಗಡಿ ತೆರೆದ ದಿನ ದಾಟಿದ್ದು ಕಷ್ಟ. ಆವತ್ತು ನಮ್ಮ ಫೋನಿಗೆ ಎರಡೆರಡು ಮಿಸ್ ಕಾಲ್ ನಾಲ್ಕು ಜನರಿಂದ ಬಂತು.

ಅಷ್ಟು ದಾಟಿದ ನಾವು ಅದೇ ವರ್ಷ ಡಿಸೆಂಬರಿನಲ್ಲಿ ಎಡವಿದೆವು. ಗ್ರಾಮ ಪಂಚಾಯ್ತಿ ಚುನಾವಣೆ. ನಿಮಗೆ ಗೊತ್ತು, ಆ ದಿನಗಳಲ್ಲಿ ಕೊಳ್ಳಲು ಹೋಗಬೇಕಾಗಿಲ್ಲ, ಹಿತ್ತಲಿಗೇ ಬರುತ್ತದೆ. "ಡೈರೆಕ್ಟರು ನೀವು, ನೀವೇ ಬೇಡ ಅಂದರೆ ಹೇಗೆ" ಅಂದರು. ಹತ್ತು ತಿಂಗಳ ಸೊನ್ನೆ ಒಂದೇ ರಾತ್ರಿ ಹೋಯಿತು. ಮೂರು ದಿನ ಕಟ್ಟೆಗೆ ಹೋಗಲಿಲ್ಲ. ನಿಯಮ ಮಾಡಿದವರೇ ನಾವು, ನಾವೇ ಹೋಗಲಿಲ್ಲ. ನಾಲ್ಕನೇ ದಿನ ರಾತ್ರಿ ಮೋಟಾರು ಮನೆ ಹತ್ತಿರ ಬ್ಯಾಟರಿ ಬೆಳಕು ಕಂಡಿತು. ಆಸ್ಪತ್ರೆಯಿಂದ ಬದುಕಿ ಬಂದಿದ್ದ ಅದೇ ಗೆಳೆಯರು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಒಂದು ಮಾತೂ ಬೈಯಲಿಲ್ಲ. ಬದುವಿನ ಮೇಲೆ ಕೂತು, "ಸೋಮವಾರ ಎಷ್ಟು? ಮಂಗಳವಾರ ಎಷ್ಟು?" ಅಂತ ಕೇಳಿ ಬರೆದುಕೊಂಡರು. ಆಮೇಲೆ, "ನಾಳೆ ಏಳರ ತನಕ?" ಅಂದರು. "ಸೊನ್ನೆ" ಅಂದೆವು. "ಸರಿ, ಏಳಕ್ಕೆ ಬನ್ನಿ" ಅಂತ ಹೋದರು. ಆ ರಾತ್ರಿಯಿಂದ ಈ ದಿನದ ತನಕ ನಮ್ಮ ನಂಬರಿನ ಮುಂದೆ ಸೊನ್ನೆ ಇದೆ. ನಾಳೆಯ ಮಾತು ನಾಳೆ ಹೇಳುತ್ತೇವೆ.

ಎಲ್ಲರೂ ಗೆದ್ದೆವು ಅಂತ ಹೇಳಿದರೆ ಅದೂ ಸುಳ್ಳು ಲೆಕ್ಕ. ಏಳು ಜನರಲ್ಲಿ ನಾಲ್ಕು ಜನ ಪೂರ್ತಿ ಬಿಟ್ಟಿದ್ದೇವೆ. ಒಬ್ಬರು ಕಡಿಮೆ ಮಾಡಿದ್ದಾರೆ. ಒಬ್ಬರು ಗುಂಪು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದರು, ಈಗಲೂ ಕುಡಿಯುತ್ತಾರೆ, ಆದರೂ ಯುಗಾದಿಗೆ ಬಂದಾಗ ಕಟ್ಟೆ ಮೇಲೆ ಕೂರುತ್ತಾರೆ. ನಮ್ಮ ಏಳನೇ ನಂಬರಿನವರು ಈಗಿಲ್ಲ.

ಅವರು ನಮ್ಮೆಲ್ಲರಿಗಿಂತ ಹಿರಿಯರು, ನಮ್ಮೆಲ್ಲರಿಗಿಂತ ಮೊದಲು ಕುಡಿತ ಹಿಡಿದವರು. ಗುಂಪಿಗೆ ಬಂದಾಗಲೇ ಕಣ್ಣು ಹಳದಿಯಾಗಿತ್ತು, ಕಾಲು ಊದಿತ್ತು. ಈಲಿ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದೆ ಅಂದರು ಡಾಕ್ಟರು. 2022 ರ ಸೆಪ್ಟೆಂಬರಿನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತು. 1933 ರ ಮೇಲೆ, 89 ವರ್ಷದ ನಂತರ. ಇಡೀ ತಾಲ್ಲೂಕು ಮಾರಿ ಕಣಿವೆಗೆ ಕೋಡಿ ನೋಡಲು ಹೋಗಿತ್ತು. ನಾವು ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. "ನೀರು ಹೆಂಗೈತಂತೆ? ನಾನೂ ನೋಡಬೇಕಿತ್ತು" ಅಂದರು ಅವರು. ಫೋನಿನಲ್ಲಿ ವಿಡಿಯೋ ತೋರಿಸಿದೆವು. ಆ ವಾರವೇ ಹೋಗಿಬಿಟ್ಟರು. ಪುಸ್ತಕದಲ್ಲಿ ಅವರ ನಂಬರಿನ ಮುಂದೆ ಕೊನೆಯ ಎಪ್ಪತ್ತೊಂದು ದಿನ ಸೊನ್ನೆ ಇದೆ. ಬಿಟ್ಟಿದ್ದರು, ಆದರೆ ತಡವಾಗಿತ್ತು. ಅವರ ಮಗ ಇಲ್ಲಿ ಸಭೆಯಲ್ಲಿ ಕೂತಿದ್ದಾರೆ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ. "ಹೇಳಿ ಮಾವ, ಇನ್ನೊಬ್ಬರಿಗೆ ತಡ ಆಗೋದು ಬೇಡ" ಅಂದರು.

ಈಗ ದುಡ್ಡಿನ ಲೆಕ್ಕ. ದಿನಕ್ಕೆ 150 ರೂಪಾಯಿ ಕುಡಿತಕ್ಕೆ ಅಂತ ಹಿಡಿಯಿರಿ. ವರ್ಷಕ್ಕೆ 54,750 ರೂಪಾಯಿ. ಹಾಲಿಗೆ ಲೀಟರಿಗೆ 35 ರೂಪಾಯಿ ಅಂತ ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು ಹಾಲು. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹುಲ್ಲು ತಂದು, ಹಿಂಡಿ ಹಾಕಿ ಮನೆಯ ಹೆಣ್ಣುಮಗಳು ಕರೆದ ನಾಲ್ಕು ಲೀಟರು ಸಂಜೆ ಒಂದು ಬಾಟ್ಲಿಯಲ್ಲಿ ಮುಗಿಯುತ್ತದೆ. ಬಟವಾಡೆ ದಿನ ಸಂಘದ ಮುಂದೆ ಯಾರು ನಿಂತಿರುತ್ತಿದ್ದರು ಅಂತ ನಮಗೆ ಗೊತ್ತು. ನಾವೂ ಆ ಸಾಲಿನಲ್ಲಿ ನಿಂತವರು. ಹಾಲು ಹಾಕುವವರು ಒಬ್ಬರು, ದುಡ್ಡು ಎಣಿಸಿಕೊಳ್ಳುವವರು ಇನ್ನೊಬ್ಬರು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯವರು ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆ 2019 ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದಿಂದ ಬಿಡಿಸಿಕೊಳ್ಳಲು ಸಹಾಯ ಬೇಕು ಅಂತ ಅದರಲ್ಲಿದೆ. ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆಯಂತೆ. ಉಳಿದ 37 ಜನ ನಮ್ಮ ನಿಮ್ಮಂಥ ಊರುಗಳಲ್ಲಿ, ಆಣೆ ಮಾಡುತ್ತಾ, ಮುರಿಯುತ್ತಾ ಇದ್ದಾರೆ.

ಕೊನೆಗೆ ಈ ಬೆಳ್ಳಿ ಹಬ್ಬದ ಸಭೆಯಲ್ಲಿ ನಮ್ಮ ಕೆಲವು ಕೋರಿಕೆಗಳನ್ನು ಇಡುತ್ತೇವೆ.

ಸಂಘದ ಹಿಂದಿನ ಕೋಣೆಯನ್ನು ದಿನವೂ ಸಂಜೆ ಏಳರಿಂದ ಎಂಟರ ತನಕ ಈ ಕೆಲಸಕ್ಕೆ ಬಿಟ್ಟುಕೊಡಬೇಕು. ಮಳೆಗಾಲದಲ್ಲಿ ಕಟ್ಟೆ ಮೇಲೆ ಕೂರಲಾಗುವುದಿಲ್ಲ. ಖರ್ಚೇನೂ ಇಲ್ಲ, ಒಂದು ದೀಪ, ಒಂದು ಪುಸ್ತಕ.

ಹಾಲು ಹಾಕುವ ತಾಯಂದಿರ ಹೆಸರಿನಲ್ಲೇ ಸದಸ್ಯತ್ವ, ಅವರ ಖಾತೆಗೇ ಹಣ ಹೋಗುವಂತೆ ಎಲ್ಲ ಮನೆಯವರೂ ಒಪ್ಪಬೇಕು. ನಮ್ಮ ಮನೆಯಲ್ಲಿ ಮೊದಲು ಮಾಡಿದ್ದೇವೆ.

ಸಂಘದ ಚುನಾವಣೆಯಲ್ಲಿ ಕುಡಿಸಿ ವೋಟು ಕೇಳುವುದಿಲ್ಲ ಅಂತ ಅಭ್ಯರ್ಥಿಗಳೆಲ್ಲ ಸೇರಿ ಮಾತು ಕೊಡಬೇಕು. ಒಬ್ಬ ಕುಡಿಸಿದರೆ ಇನ್ನೊಬ್ಬ ಕುಡಿಸಲೇಬೇಕಾಗುತ್ತದೆ. ಎಲ್ಲರೂ ಒಟ್ಟಿಗೆ ಬಿಟ್ಟರೆ ಎಲ್ಲರ ದುಡ್ಡೂ ಉಳಿಯುತ್ತದೆ.

ಕುಡಿಯುವವನಿಗೆ ದಂಡ, ಬಹಿಷ್ಕಾರ ಬೇಡ. ದಂಡ ಹಾಕಿದರೆ ಕದ್ದು ಕುಡಿಯುತ್ತಾನೆ, ದಂಡದ ದುಡ್ಡನ್ನೂ ಹೆಂಡತಿಯೇ ಕಟ್ಟಬೇಕಾಗುತ್ತದೆ. ಹೊಡೆತ ಬಡಿತ ಇದ್ದರೆ ಆ ಮಾತು ಬೇರೆ, ಅಲ್ಲಿ ಊರು ಹೆಣ್ಣುಮಗಳ ಪರ ನಿಲ್ಲಬೇಕು, ಕಾನೂನು ಇದೆ. ಬಾಕಿ ಎಲ್ಲದಕ್ಕೂ ಜೊತೆಯೇ ಔಷಧ.

ಸಂಘದ ಬೋರ್ಡಿನ ಮೇಲೆ ಹಾಲಿನ ದರದ ಪಕ್ಕದಲ್ಲಿ ಎರಡು ನಂಬರು ಬರೆಸಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಅಲ್ಲಿಗೆ ಹೋದರೆ ಹುಚ್ಚ ಅನ್ನುತ್ತಾರೆ ಅನ್ನುವ ಭಯ ಬೇಡ. ಜ್ವರಕ್ಕೆ ಹೋದ ಹಾಗೇ ಇದೂ.

ಬಂಧುಗಳೇ, ಇಲ್ಲಿ ಹಾಲಿಗೆ ದಿನಕ್ಕೆ ಎರಡು ಹೊತ್ತು ಪರೀಕ್ಷೆ ಇದೆ. ನಿನ್ನೆ ಒಳ್ಳೆಯ ಹಾಲು ಹಾಕಿದ್ದೆ ಅಂತ ಇವತ್ತು ಯಾರೂ ಪರೀಕ್ಷೆ ಬಿಡುವುದಿಲ್ಲ. ನಿನ್ನೆ ಡಿಗ್ರಿ ಬರಲಿಲ್ಲ ಅಂತ ಇವತ್ತು ವಾಪಸ್ಸೂ ಕಳಿಸುವುದಿಲ್ಲ, ಮತ್ತೆ ಅಳೆದು ನೋಡುತ್ತೇವೆ. ಮನುಷ್ಯನಿಗೂ ಅಷ್ಟೇ ನ್ಯಾಯ ಕೊಡೋಣ.

ಕುಡಿಯುವ ಅಣ್ಣತಮ್ಮಂದಿರಿಗೆ ಇವತ್ತು ಬಿಡಿ ಅಂತ ಹೇಳುವುದಿಲ್ಲ. ಇವತ್ತು ಸಂಜೆ ಏಳು ಗಂಟೆಗೆ ಕಟ್ಟೆಗೆ ಬನ್ನಿ ಅಂತ ಮಾತ್ರ ಹೇಳುತ್ತೇವೆ. ಕುಡಿದಿದ್ದರೂ ಬನ್ನಿ. ಪುಸ್ತಕದಲ್ಲಿ ಜಾಗ ಇದೆ. ಏಳನೇ ನಂಬರನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಎಂಟರಿಂದ ಶುರು ಮಾಡುತ್ತೇವೆ.